ಹೊಸ ಕ್ಯಾಮೆರಾ ಬೇಡ, ನಕ್ಷತ್ರವನ್ನು ಮಸುಕಾಗಿಸಿ

ನಿಮ್ಮ ಬರಹ ಓದಿದೆ: ಆರು ಇಂಚಿನ ದೂರದರ್ಶಕ, ಹಳೆಯ ಡಿಎಸ್‌ಎಲ್‌ಆರ್, ‘ಸಂತಮಸ’ ಎಂಬ, ಬೇರೆ ನಕ್ಷತ್ರವನ್ನು ಸುತ್ತುವ ಗ್ರಹವನ್ನು ಹಿಡಿಯುವ ಆಸೆ, ಅದಕ್ಕೆ ಯಾವ ಕ್ಯಾಮೆರಾ ಕೊಳ್ಳಲಿ ಎಂಬ ಪ್ರಶ್ನೆ. ಆರು ವರ್ಷದ ಹಿಂದೆ ನಾನೇ ಬರೆದು ಮರೆತಿದ್ದೆನೇನೋ ಎನಿಸಿತು. ಏನನ್ನೂ ಕೊಳ್ಳಬೇಡಿ. ನಾನು ಕೊಂಡು ಅನುಭವಿಸಿದ್ದೇನೆ.

ಮೊದಲು ಸಂತಮಸದ ಆಸೆ ಬಿಡಿ. 2019ರಲ್ಲಿ ಭಾರತದ ಪಾಲಿಗೆ ಬಂದು ನಾವೇ ಹೆಸರಿಟ್ಟ ಗ್ರಹ, ಅದರ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ಹೆಸರು, ಎಲ್ಲ ನಿಜ. ಆದರೆ ಅದು ಪತ್ತೆಯಾದದ್ದು ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದರಿಂದ. ನಕ್ಷತ್ರದ ಮುಂದೆ ಅದು ಹಾದುಹೋದದ್ದು ಯಾರಿಗೂ ಕಂಡಿಲ್ಲ. ಹಾಗೆ ಹಾದು ನಕ್ಷತ್ರದ ಬೆಳಕನ್ನು ತುಸು ಕುಗ್ಗಿಸದ ಗ್ರಹವನ್ನು ನಮ್ಮಂಥವರು ಹಿಡಿಯಲಾಗದು. ಎಚ್‌ಡಿ 189733 ಬಿ ಎಂಬ ಗ್ರಹವನ್ನು ಹಿಡಿಯಿರಿ. ದೂರದರ್ಶಕದಲ್ಲಿ ಮಸುಕು ಮೋಡದಂತೆ ಕಾಣುವ ಡಂಬೆಲ್ ನೀಹಾರಿಕೆ ಗೊತ್ತಲ್ಲ? ಅದರಿಂದ ಪೂರ್ವಕ್ಕೆ ಚಂದ್ರನ ಅರ್ಧ ಅಗಲದಷ್ಟು ಸರಿದರೆ ಅದರ ನಕ್ಷತ್ರ ಸಿಗುತ್ತದೆ. ದೂರ ಸುಮಾರು 64 ಜ್ಯೋತಿರ್ವರ್ಷ. ಗ್ರಹ ನಮ್ಮ ಗುರುವಿಗಿಂತ ತುಸು ದೊಡ್ಡದು; ಆದರೆ ನಕ್ಷತ್ರದಿಂದ ಬರೀ 46 ಲಕ್ಷ ಕಿಲೋಮೀಟರ್ ದೂರದಲ್ಲಿ, ಬುಧ ಸೂರ್ಯನಿಂದ ಇರುವುದರ ಹನ್ನೆರಡನೆಯ ಒಂದು ಪಾಲಿನಲ್ಲಿ, ಬೇಯುತ್ತಾ ಸುತ್ತುತ್ತಿದೆ. ಒಂದು ಸುತ್ತಿಗೆ ಎರಡು ದಿನ ಐದೂಕಾಲು ಗಂಟೆ. ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ನೂರಕ್ಕೆ 2.4ರಷ್ಟು ಕುಗ್ಗುತ್ತದೆ. ಇದು ಚಿಕ್ಕದೆನಿಸಿದರೆ ನೆನಪಿಡಿ, 2012ರಲ್ಲಿ ನಾವೆಲ್ಲ ಕನ್ನಡಕ ಹಾಕಿಕೊಂಡು ನೋಡಿದ ಶುಕ್ರ ಸಂಕ್ರಮಣದಲ್ಲಿ, ಅಂದರೆ ಶುಕ್ರ ಸೂರ್ಯನ ಮುಂದೆ ಹಾದುಹೋದಾಗ, ಅದು ಮುಚ್ಚಿದ್ದು ಸೂರ್ಯನ ಸಾವಿರದ ಒಂದು ಪಾಲು ಮಾತ್ರ.

ನನ್ನ ಮೊದಲ ಪ್ರಯತ್ನ ಒಂದು ಅಕ್ಟೋಬರ್ ಕೊನೆಯಲ್ಲಿ, ಚಳ್ಳಕೆರೆ ಕಡೆಯ ಭಾವನ ಹೊಲದಲ್ಲಿ. ಆಗಲೇ ಏಕೆಂದರೆ ಈ ನಕ್ಷತ್ರ ನಡುರಾತ್ರಿ ನೆತ್ತಿಗೆ ಬರುವುದು ಜುಲೈನಲ್ಲಿ, ಸರಿಯಾಗಿ ಮಳೆಗಾಲ. ನಮಗೆ ಉಳಿಯುವುದು ಬೇಸಿಗೆಯ ನಸುಕು, ಇಲ್ಲವೇ ದೀಪಾವಳಿ ಆಸುಪಾಸಿನ ಸಂಜೆ. ಕಿತ್ತಿಟ್ಟ ಶೇಂಗಾ ರಾಶಿಯ ಪಕ್ಕದಲ್ಲೇ ಮುಕ್ಕಾಲಿ ನಿಲ್ಲಿಸಿದೆ. ಏಳು ಗಂಟೆಯಿಂದ ಹತ್ತೂವರೆಯವರೆಗೆ, ಮೂವತ್ತು ಸೆಕೆಂಡಿಗೊಂದರಂತೆ ಫೋಟೊ. ಫೋಕಸ್ ಮಾಡಲು ಮುಕ್ಕಾಲು ಗಂಟೆ ಕಳೆದಿದ್ದೆ. ನಕ್ಷತ್ರ ಸೂಜಿಮೊನೆಯಷ್ಟು ಚೂಪಾಗಿತ್ತು. ಆ ಹೆಮ್ಮೆಯೇ ನನಗೆ ಮುಳುವಾಯಿತು.

ಮನೆಗೆ ಬಂದು ಪ್ರತಿ ಫೋಟೊದಲ್ಲೂ ನಕ್ಷತ್ರದ ಬೆಳಕು ಅಳೆದು ಗೆರೆ ಎಳೆದರೆ ಇಳಿಕೆಯೇ ಇಲ್ಲ. ಸಣ್ಣಗೆ ನಡುಗುವ ಒಂದು ನೇರ ಗೆರೆ. ಅದೇ ಹೊತ್ತಿಗೆ ಇನ್ನೊಂದು ಸಂಕ್ರಮಣ ಬೇಕೆಂದರೆ ಒಂಬತ್ತು ಸುತ್ತು, ಅಂದರೆ ಹತ್ತಿರ ಹತ್ತಿರ ಇಪ್ಪತ್ತು ದಿನ ಕಾಯಬೇಕು. ಕಾದೆ, ಅಂದು ಮೋಡ. ಡಿಸೆಂಬರ್‌ನಲ್ಲಿ ನಿಮ್ಮ ಹಾಗೆಯೇ ಕ್ಯಾಮೆರಾವನ್ನು ಅಪರಾಧಿ ಮಾಡಿ, ಸೊಸೈಟಿಯಿಂದ ಸಾಲ ತೆಗೆದು, 62,000 ರೂಪಾಯಿಗೆ ಬಳಸಿದ ಸಿಸಿಡಿ (ಒಂದು ಬಗೆಯ ಬೆಳಕಿನ ಸಂವೇದಕದ) ಕ್ಯಾಮೆರಾ ಕೊಂಡೆ. ಮೇ ತಿಂಗಳ ನಸುಕಿನಲ್ಲಿ ಅದರಿಂದಲೂ ತೆಗೆದೆ. ಮತ್ತೆ ಅದೇ ನೇರ ಗೆರೆ.

ಆಗಸ್ಟ್‌ನಲ್ಲಿ ಮಂಗಳೂರು ಕಡೆಯ ಒಬ್ಬ ನಿವೃತ್ತ ಅಧ್ಯಾಪಕರಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವರು ಗೆರೆಯತ್ತ ಕಣ್ಣು ಹಾಯಿಸಲಿಲ್ಲ. ಮೂಲ ಫೋಟೊ ತೆರೆದು ನಕ್ಷತ್ರದ ನಡುವೆ ಬಾಣ ಇಟ್ಟರು. ಅಲ್ಲಿನ ಬೆಳಕಿನ ಅಳತೆ 16,383. ಮುಂದಿನ ಫೋಟೊ: 16,383. ಅದರ ಮುಂದಿನದೂ ಅಷ್ಟೇ. “ಎಲ್ಲದರಲ್ಲೂ ಒಂದೇ ಸಂಖ್ಯೆ ಉಂಟಲ್ಲ ಮಾರಾಯರೇ, ನಿಮಗೆ ಒಂದು ದಿನವೂ ಅನುಮಾನ ಬರಲಿಲ್ಲವೇ?”

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನನ್ನ ಒಂದು ವರ್ಷ ಹೋದದ್ದು ಇಲ್ಲೇ. ಕ್ಯಾಮೆರಾದ ಸಂವೇದಕದ ಒಂದೊಂದು ಚುಕ್ಕಿಯೂ ಮಳೆಗೆ ಇಟ್ಟ ಕೊಡವಿದ್ದಂತೆ. ಎಷ್ಟು ಮಳೆ ಬಂತೆಂದು ಕೊಡದ ಮಟ್ಟ ನೋಡಿ ಹೇಳಬಹುದು, ಆದರೆ ಅದು ತುಂಬುವವರೆಗೆ ಮಾತ್ರ. ತುಂಬಿ ಚೆಲ್ಲುತ್ತಿರುವ ಕೊಡಕ್ಕೆ ಮಳೆ ನೂರಕ್ಕೆ ಎರಡರಷ್ಟು ಕಡಿಮೆಯಾದರೇನು, ಹತ್ತರಷ್ಟು ಕಡಿಮೆಯಾದರೇನು? ಮಟ್ಟ ಕಂಠದಲ್ಲೇ ಇರುತ್ತದೆ. ನನ್ನ ಹಳೆಯದರಂಥ 14 ಬಿಟ್ ಕ್ಯಾಮೆರಾದ ಕಂಠ, ಅಂದರೆ ಅದು ತೋರಿಸಬಲ್ಲ ಅತಿ ದೊಡ್ಡ ಸಂಖ್ಯೆ, 16,383. ನಾನು ಕೊಂಡ 16 ಬಿಟ್‌ನದು 65,535. ನಾನು ಫೋಕಸ್ ಚೂಪು ಮಾಡಿದಷ್ಟೂ ಅಷ್ಟೂ ಬೆಳಕು ನಾಲ್ಕಾರು ಕೊಡಗಳಿಗೇ ಸುರಿದು, ಅವು ಮೊದಲ ಕೆಲವೇ ಸೆಕೆಂಡುಗಳಲ್ಲಿ ತುಂಬಿಹೋಗುತ್ತಿದ್ದವು. ಗ್ರಹ ಬಂದು ನಿಂತು ಹೋದ ಸುದ್ದಿಯೆಲ್ಲ ಚೆಲ್ಲಿದ ನೀರಿನಲ್ಲಿ ಹೋಯಿತು. ನಕ್ಷತ್ರದ ಅಂಚಿನ ತುಂಬದ ಚುಕ್ಕಿಗಳಲ್ಲಿ ಅಷ್ಟಿಷ್ಟು ಇಳಿಕೆ ಉಳಿದಿದ್ದರೆ, ಅದನ್ನು ಗಾಳಿಯ ಮಿನುಗು ನುಂಗಿತ್ತು. ದುಬಾರಿ ಕ್ಯಾಮೆರಾ ಎಂದರೆ ದುಬಾರಿ ಕೊಡ ಅಷ್ಟೇ, ಅದೂ ಚೆಲ್ಲುತ್ತದೆ. ನಾನು ಅದನ್ನೂ ಚೂಪಾಗಿಯೇ ಫೋಕಸ್ ಮಾಡಿದ್ದೆನಲ್ಲ!

ಮದ್ದು ತೀರಾ ಸುಲಭ. ಫೋಕಸ್ ಕೆಡಿಸಿ. ಕನ್ನಡಿ ದೂರದರ್ಶಕವಾದರೆ ನಕ್ಷತ್ರ ನಡುವೆ ತೂತಿರುವ ಉದ್ದಿನ ವಡೆಯಂತೆ ಕಾಣಬೇಕು. ಬೆಳಕು ನೂರಾರು ಚುಕ್ಕಿಗಳಿಗೆ ಹರಡುತ್ತದೆ, ಯಾವುದೂ ತುಂಬುವುದಿಲ್ಲ. ಅತಿ ಹೆಚ್ಚಿನ ಸಂಖ್ಯೆ ಕಂಠದ ಅರ್ಧಕ್ಕೆ, ಎಂಟು ಸಾವಿರದ ಸುತ್ತಮುತ್ತ ನಿಲ್ಲುವಂತೆ ಸೆಕೆಂಡು ಹೊಂದಿಸಿ. ವಡೆ ಪಕ್ಕದ ನಕ್ಷತ್ರಕ್ಕೆ ತಾಗದಿರಲಿ. ಅದೇ ಚೌಕಟ್ಟಿನ ಒಂದೆರಡು ನಕ್ಷತ್ರಗಳನ್ನೂ ಅಳೆದು, ನಮ್ಮ ನಕ್ಷತ್ರದ ಅಳತೆಯನ್ನು ಅವುಗಳ ಅಳತೆಯಿಂದ ಭಾಗಿಸಿ, ತೆಳು ಮೋಡದ ಪರಿಣಾಮ ಕಳೆಯುತ್ತದೆ. ಸಂಕ್ರಮಣದ ವೇಳೆ ಯುಟಿಸಿಯಲ್ಲಿ, ಅಂದರೆ ವಿಶ್ವ ಸಮಯದಲ್ಲಿ, ಕೊಟ್ಟಿರುತ್ತಾರೆ, ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿ. ಹಾದುಹೋಗಲು ಒಂದು ಗಂಟೆ ಐವತ್ತು ನಿಮಿಷದಷ್ಟು ಬೇಕು. ಹಿಂದೆ ಮುಂದೆ ಮುಕ್ಕಾಲು ಗಂಟೆಯಾದರೂ ಫೋಟೊ ಇರಲಿ, ಇಲ್ಲದಿದ್ದರೆ ಯಾವುದರಿಂದ ಇಳಿಯಿತು ಎನ್ನಲು ಆಧಾರವೇ ಇರುವುದಿಲ್ಲ.

ಮರುವರ್ಷದ ಅಕ್ಟೋಬರ್‌ನಲ್ಲಿ, ಅದೇ ಹೊಲದಲ್ಲಿ, ಅದೇ ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಗೆರೆ ಇಳಿಯಿತು. ತಟ್ಟೆಯ ತಳದಂತೆ ಅಗಲವಾಗಿ ನಿಂತು, ಮತ್ತೆ ಏರಿತು. ನೂರಕ್ಕೆ ಎರಡೂವರೆಯ ಹತ್ತಿರ. ಭಾವ ಇಣುಕಿ ನೋಡಿ, “ಈ ಗುಂಡಿಗೆ ಒಂದು ವರ್ಷ ನಿದ್ದೆಗೆಟ್ಟೆಯಾ?” ಎಂದರು. 1995ರಲ್ಲಿ ಖಗೋಳವಿಜ್ಞಾನಿಗಳಾದ ಮೇಯರ್ ಮತ್ತು ಕೆಲೋಜ್ ಮೊದಲ ಬಿಸಿ ಗುರುವನ್ನು, ಅಂದರೆ ನಕ್ಷತ್ರದ ತೀರ ಹತ್ತಿರ ಸುತ್ತುವ ಗುರುವಿನಂಥ ಗ್ರಹವನ್ನು, ಪ್ರಕಟಿಸಿದಾಗ, ನಾಲ್ಕೇ ದಿನದಲ್ಲಿ ಸುತ್ತುವ ಗುರುವೇ ಎಂದು ದೊಡ್ಡ ದೊಡ್ಡವರೇ ಅನುಮಾನಪಟ್ಟಿದ್ದರು ಎಂದು ಅವರಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಹಂದಿ ಕಾಯಲು ಟಾರ್ಚ್ ಹಿಡಿದು ಹೋಗಿದ್ದರು.

ಸಿಸಿಡಿಯೋ ಸಿಮಾಸ್ ಸಂವೇದಕವೋ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ನಿಮ್ಮ ಕೊನೆಯ ಫೋಟೊ ತೆರೆದು, ನಕ್ಷತ್ರದ ನಡುವೆ ಬಾಣವಿಟ್ಟು, ಯಾವ ಸಂಖ್ಯೆ ಬರುತ್ತದೆ ಎಂದು ಕೆಳಗೆ ಬರೆಯಿರಿ.