ಸಕ್ಕರೆ ಕಾಯಿಲೆ ಇರುವ ಅಮ್ಮನ ಮಂಡಿನೋವಿಗೆ ಬಿಸಿಯೋ, ಐಸೋ, ಕರೆಂಟೋ?

ನಿಮ್ಮ ತಾಯಿಗೆ 64 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 12 ವರ್ಷ, ಮೂಡಿಗೆರೆ ಹತ್ತಿರ ಒಬ್ಬರೇ ಇರುತ್ತಾರೆ. ಮಂಡಿನೋವಿಗೆ ಬಿಸಿನೀರಿನ ಚೀಲ ಸಾಕೇ, ಐಸ್ ಇಡಬೇಕೇ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹಾಯಿಸಿ ನೋವು ತಗ್ಗಿಸುವ ಟೆನ್ಸ್ ಯಂತ್ರ ತರಿಸಲೇ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಏನನ್ನಾದರೂ ತರಿಸುವ ಮೊದಲು ಅವರ ಕಾಲಿಗೆ ಬಿಸಿ, ತಣ್ಣಗೆ ತಿಳಿಯುತ್ತದೆಯೇ ಎಂದು ನೋಡಿ.

ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ಕೈಗೆ ಹಿತವೆನಿಸುವಷ್ಟು ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಅಮ್ಮ ಕಣ್ಣು ಮುಚ್ಚಿಕೊಳ್ಳಲಿ. ಮಂಡಿ, ಮೀನಖಂಡ, ಪಾದಕ್ಕೆ ಒಮ್ಮೆ ಈ ಲೋಟ, ಒಮ್ಮೆ ಆ ಲೋಟ ಎಂದು ಕ್ರಮವಿಲ್ಲದೆ ಹೊರಮೈಯನ್ನು ತಾಗಿಸಿ, ಯಾವುದು ಬಿಸಿ ಎಂದು ಕೇಳಿ. ಎರಡು ಸಲ ತಡವರಿಸಿದರೂ ಆ ಜಾಗಕ್ಕೆ ಮನೆಯಲ್ಲಿ ಶಾಖ ಬೇಡ, ಐಸೂ ಬೇಡ. ನಾವು ಇದನ್ನೇ ಎರಡು ಗಾಜಿನ ನಳಿಕೆಗಳಲ್ಲಿ ಮಾಡುತ್ತೇವೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಬೆಳೆಗಾರರ ಕಾಲಿಗೆ ಹಾಟ್ ಪ್ಯಾಕ್ ಕಟ್ಟಿದ್ದೆ. ಆ ಪ್ಯಾಕನ್ನು 70 ಡಿಗ್ರಿಗೂ ಹೆಚ್ಚು ಬಿಸಿ ನೀರಿನಿಂದ ತೆಗೆಯುತ್ತೇವೆ. ಅದಕ್ಕೇ ಆರರಿಂದ ಎಂಟು ಪದರ ಟವೆಲ್ ಸುತ್ತುವುದು. ಬಿಸಿ ಹೆಚ್ಚಾಯಿತೇ ಎಂದು ಎರಡು ಬಾರಿ ಕೇಳಿದೆ. "ಇರಲಿ ಬಿಡಮ್ಮ, ಹಿತವಾಗಿದೆ" ಎಂದರು. ಮರುದಿನ ಮೀನಖಂಡದಲ್ಲಿ ಕಾಫಿ ಹಣ್ಣಿನ ಗಾತ್ರದ ಮೂರು ನೀರುಬೊಬ್ಬೆಗಳು. ಅವರು ಸುಳ್ಳು ಹೇಳಿರಲಿಲ್ಲ, ಕಾಲು ಅವರಿಗೆ ಏನನ್ನೂ ಹೇಳಿರಲಿಲ್ಲ. ಪರೀಕ್ಷೆ ಮಾಡದೆ ಮಾತನ್ನೇ ನಂಬಿದ್ದು ನನ್ನ ತಪ್ಪು. ಗಾಯ ಮಾಗಲು ವಾರಗಟ್ಟಲೆ ಹಿಡಿಯಿತು.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ದಿನವೂ ಬಚ್ಚಲೊಲೆಯ ಮುಂದೆ ಕಾಲು ಕಾಯಿಸುವವರ ಚರ್ಮದ ಮೇಲೆ ಬಲೆಯಂತೆ ಕಂದು ಗೆರೆಗಳು ಮೂಡುತ್ತವೆ. ಸುಡದಿದ್ದರೂ ಹದವಾದ ಬಿಸಿ ಮತ್ತೆ ಮತ್ತೆ ತಾಗಿ ಆಗುವ ಹಾನಿ ಅದು. ಅಮ್ಮನ ಕಾಲಲ್ಲಿ ಹಾಗಿದ್ದರೆ ಅಲ್ಲಿಗೆ ಇನ್ನು ಶಾಖ ಬೇಡ, ವೈದ್ಯರಿಗೊಮ್ಮೆ ತೋರಿಸಿ.

ಸ್ಪರ್ಶ ಸರಿಯಿದ್ದರೆ ಚೀಲಕ್ಕೆ ಟವೆಲ್ ಸುತ್ತಿ ಹದಿನೈದು ನಿಮಿಷ ಇಡಬಹುದು. ಐದು ನಿಮಿಷಕ್ಕೊಮ್ಮೆ ಚರ್ಮ ನೋಡಬೇಕು. ಚೀಲದ ಮೇಲೆ ಕಾಲಿಟ್ಟು ನಿದ್ದೆಗೆ ಜಾರಬಾರದು. ನೋವಿನ ಮುಲಾಮು ಹಚ್ಚಿದ್ದರೆ ಪೂರ್ತಿ ತೊಳೆದ ಮೇಲೆಯೇ ಶಾಖ. ಎರಡೂ ಸೇರಿದರೆ ಚರ್ಮ ಸುಡಬಹುದು. ಮಂಡಿ ಊದಿ, ಮುಟ್ಟಿದರೆ ಬಿಸಿಯಾಗಿದ್ದರೆ ಶಾಖ ಕೊಡಲೇಬೇಡಿ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಐಸ್ ಇಡುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಸಾಕು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗಂಟನ್ನು ಬಿಟ್ಟು ಇಡಿ. ಅಲ್ಲಿ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದ ಎತ್ತಲಾಗುವುದಿಲ್ಲ.

ಟೆನ್ಸ್ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು, ಸವೆದ ಮಂಡಿಯನ್ನು ಸರಿಪಡಿಸುವುದಿಲ್ಲ. ಪೇಸ್‌ಮೇಕರ್ ಇದ್ದರೆ ಬೇಡವೇ ಬೇಡ. ಕುತ್ತಿಗೆಯ ಮುಂಭಾಗಕ್ಕೆ, ಎದೆಗೆ, ಗಾಯದ ಮೇಲೆ, ಜೋಮು ಹಿಡಿದ ಜಾಗಕ್ಕೆ ಪ್ಯಾಡ್ ಅಂಟಿಸಬಾರದು. ಮೊದಲ ಸಲ ಯಾರಾದರೂ ಫಿಸಿಯೋಥೆರಪಿಸ್ಟ್ ಎದುರಿಗೇ ಹಾಕಿ ತೋರಿಸಲಿ. ಯಂತ್ರಕ್ಕೆ ಹಾಕುವ ಹಣದಲ್ಲಿ ತೊಡೆಯ ಸ್ನಾಯುಗಳ ವ್ಯಾಯಾಮ ಕಲಿಸಿದರೆ ಮಂಡಿಗೆ ಹೆಚ್ಚು ಬಲ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲಾದರೂ ಡಯಾಥರ್ಮಿ, ಅಂದರೆ ವಿದ್ಯುತ್ ಅಲೆಗಳಿಂದ ಮೈಯೊಳಗೆ ಶಾಖ ಹುಟ್ಟಿಸುವ ಚಿಕಿತ್ಸೆ, ಕೊಡುತ್ತೇವೆಂದರೆ ಪೇಸ್‌ಮೇಕರ್, ಮೂಳೆಯೊಳಗಿನ ಪ್ಲೇಟ್, ರಾಡ್ ಇದ್ದದ್ದನ್ನು ಅವರು ಕೇಳದಿದ್ದರೂ ಹೇಳಿ.

ಮುಂದಿನ ಸಲ ಊರಿಗೆ ಹೋದಾಗ ಲೋಟದ ಪರೀಕ್ಷೆ ಮಾಡಿ, ಅಮ್ಮ ಎಲ್ಲೆಲ್ಲಿ ತಪ್ಪಿದರೆಂದು ಇಲ್ಲಿಯೇ ಬರೆಯಿರಿ. ಪಾದದಲ್ಲಿ ಗಾಯವಿದ್ದರೆ ಅದನ್ನೂ ತಿಳಿಸಿ.