ಅನ್ನಾ ಮಾಣಿ ಭೌತವಿಜ್ಞಾನ ಬಿಟ್ಟು ಹೋದರೇ?

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಪ್ಲಸ್ ಟು ಸಯನ್ಸ್ ಓದುತ್ತಿದ್ದೇನೆ. ನಮ್ಮ ದೊಡ್ಡಪ್ಪ ಎಷ್ಟೋ ವರ್ಷಗಳಿಂದ ದಿನಾ ಬೆಳಗ್ಗೆ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಕ್ವಿಜ್‌ಗೆ ಓದುವಾಗ ಹವಾಮಾನ ವಿಜ್ಞಾನಿ ಅನ್ನಾ ಮಾಣಿಯವರ ವಿಷಯ ತಿಳಿಯಿತು. ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರದ ಮೇಲೆ ಸಂಶೋಧನೆ ಮಾಡಿದವರಿಗೆ ಪಿಎಚ್.ಡಿ. ಯಾಕೆ ಸಿಗಲಿಲ್ಲ? ಆಮೇಲೆ ಮಳೆಮಾಪಕದ ಕೆಲಸಕ್ಕೆ ಹೋದದ್ದು ಭೌತವಿಜ್ಞಾನ ಬಿಟ್ಟ ಹಾಗಲ್ಲವಾ? ನನಗೆ ಫಿಸಿಕ್ಸ್ ತುಂಬ ಇಷ್ಟ. ಲ್ಯಾಬಿನ ಕೆಲಸ ಹುಡುಗಿಯರಿಗೆ ಆಗುವಂಥದ್ದಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ.
— ಪ್ಲಸ್ ಟು ವಿದ್ಯಾರ್ಥಿನಿ, ಪೆರ್ಲ

ಉತ್ತರ: ಬಿಟ್ಟು ಹೋಗಲಿಲ್ಲ ಮಗಳೇ. ವಜ್ರದೊಳಗಿನ ಬೆಳಕನ್ನು ಅಳೆಯುತ್ತಿದ್ದವರು ಆಮೇಲೆ ಸೂರ್ಯನ ಬೆಳಕನ್ನು ಅಳೆದರು. ‘ಹವಾಮಾನದ ಮಹಿಳೆ’ ಎಂಬ ಒಂದು ಮಾತಿನಲ್ಲಿ ಅವರನ್ನು ಮುಗಿಸಿಬಿಡುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವರು ನಮ್ಮದೇ ರಾಜ್ಯದ, ಅಂದರೆ ಕೇರಳದ, ಆ ಕಡೆಯವರು. ಹುಟ್ಟಿದ್ದು 1918ರ ಆಗಸ್ಟ್ 23ರಂದು, ಅಂದಿನ ತಿರುವಿದಾಂಕೂರಿನ ಪೀರುಮೇಡಿನಲ್ಲಿ. ತಂದೆ ಎಂಜಿನಿಯರ್, ಏಲಕ್ಕಿ ತೋಟವೂ ಇತ್ತು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ರೂಢಿಯಂತೆ ವಜ್ರದ ಓಲೆ ಕೊಡಹೊರಟರೆ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಎಂದವರು. ಕಿವಿಗೆ ಬೇಡವೆಂದ ವಜ್ರ ಹದಿನಾಲ್ಕು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಅವರ ಕೈಗೇ ಬಂತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತ ಮತ್ತು ರಸಾಯನ ವಿಜ್ಞಾನದಲ್ಲಿ ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಲ್ಲಿದ್ದ ರಾಮನ್ ಅವರ ಲ್ಯಾಬಿಗೆ ಸೇರಿದರು. ಅದಕ್ಕೂ ಏಳು ವರ್ಷ ಮೊದಲು ಅಲ್ಲಿಗೆ ಅರ್ಜಿ ಹಾಕಿದ ಕಮಲಾ ಭಾಗವತ್, ಅಂದರೆ ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ, ಹೆಣ್ಣೆಂಬ ಕಾರಣಕ್ಕೆ ರಾಮನ್ ಅವರಿಂದ ‘ಇಲ್ಲ’ ಅನ್ನಿಸಿಕೊಂಡು, ಪಟ್ಟು ಹಿಡಿದು ಷರತ್ತಿನ ಮೇಲೆ ಒಳಗೆ ಹೋದವರು. ಬಾಗಿಲು ಅಷ್ಟೊಂದು ತೆರೆದಿರಲಿಲ್ಲ ಎಂದು ನಿನಗೆ ಗೊತ್ತಿರಬೇಕು.

ರಾಮನ್ ಅವರ ಹತ್ತಿರ ಮುನ್ನೂರರಷ್ಟು ವಜ್ರಗಳಿದ್ದವು. ಅನ್ನಾ ಮಾಣಿ ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚನ್ನು ಆರಿಸಿಕೊಂಡು ಪರೀಕ್ಷೆ ಮಾಡಿದರು. ವಜ್ರದ ಮೇಲೆ ಬೆಳಕು ಬಿಟ್ಟರೆ ಕೆಲವು ವಜ್ರ ತಾವೂ ಮಂದವಾಗಿ ಹೊಳೆಯುತ್ತವೆ. ಆ ಹೊಳಪನ್ನು ಬಣ್ಣಗಳಾಗಿ ಒಡೆದು ಫೋಟೊಗ್ರಾಫಿಕ್ ಪ್ಲೇಟಿನ ಮೇಲೆ ಬೀಳಿಸಬೇಕು. ವಜ್ರವನ್ನು ಗಾಳಿಯೇ ದ್ರವವಾಗುವಷ್ಟು ತಂಪಿನಲ್ಲಿಟ್ಟೂ ಇದನ್ನು ನೋಡಬೇಕಿತ್ತು. ಬೆಳಕು ಎಷ್ಟು ಕ್ಷೀಣವೆಂದರೆ ಒಂದೊಂದು ಪ್ಲೇಟಿಗೆ 15ರಿಂದ 20 ಗಂಟೆ ಬೇಕು. ನಡುವೆ ಏನಾದರೂ ಅಲುಗಿದರೆ ಮತ್ತೆ ಮೊದಲಿನಿಂದ. ಅವರು ಲ್ಯಾಬಿನಲ್ಲೇ ಮಲಗುತ್ತಿದ್ದರು. 1942ರಿಂದ 1945ರ ಒಳಗೆ ತಮ್ಮೊಬ್ಬರ ಹೆಸರಿನಲ್ಲಿ ಐದು ಸಂಶೋಧನಾ ಲೇಖನ ಪ್ರಕಟಿಸಿದರು.

ಇನ್ನು ಪಿಎಚ್.ಡಿ. ವಿಷಯ. ಅಲ್ಲಿನ ಪ್ರಬಂಧಗಳು ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಿದ್ದವು. 1945ರ ಆಗಸ್ಟಿನಲ್ಲಿ ಅವರೂ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣ ಕೊಟ್ಟು ವಿಶ್ವವಿದ್ಯಾನಿಲಯ ಪದವಿ ನಿರಾಕರಿಸಿತು. ಅವರ ಆನರ್ಸ್ ಪದವಿಯನ್ನು ನಂಬಿಯೇ ವಿಜ್ಞಾನ ಸಂಸ್ಥೆ ಸಂಶೋಧನೆಗೆ ವಿದ್ಯಾರ್ಥಿವೇತನ ಕೊಟ್ಟಿತ್ತಲ್ಲ, ಅದು ಲೆಕ್ಕಕ್ಕೆ ಬರಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದೆ. ಪದವಿ ಸಿಗದ್ದರಿಂದ ತನ್ನ ಬದುಕಿಗೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ ಎಂದೇ ಅವರು ಹೇಳುತ್ತಿದ್ದರು. ಅದು ಅವರ ದೊಡ್ಡತನ. ನಾನು ಮಾತ್ರ ಅದನ್ನು ಅನ್ಯಾಯವೆಂದೇ ಕರೆಯುತ್ತೇನೆ.

ಅದೇ ವರ್ಷ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂತು. ಭೌತವಿಜ್ಞಾನವನ್ನೇ ಮುಂದುವರಿಸುವ ಆಸೆ ಇತ್ತು, ಆದರೆ ಇದ್ದ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳದ್ದು ಮಾತ್ರ. ಸಿಕ್ಕಿದ್ದನ್ನು ಹಿಡಿದರು. 1948ರಲ್ಲಿ ಮರಳಿ ಬಂದು ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಅದುವರೆಗೆ ಸಣ್ಣಪುಟ್ಟ ಉಪಕರಣವೂ ಹೊರದೇಶದಿಂದ ಬರಬೇಕಿತ್ತು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದು ಮಟ್ಟಕ್ಕೆ ತಂದು ಇಲ್ಲೇ ತಯಾರಾಗುವಂತೆ ಮಾಡಿದರು. 1953ರ ಹೊತ್ತಿಗೆ ವಿಭಾಗದ ಮುಖ್ಯಸ್ಥೆ. ಕೈಕೆಳಗೆ 121 ಗಂಡಸರು.

ಈಗ ನಿನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಲವು ದೇಶಗಳು ಕೂಡಿ ಭೂಮಿಯನ್ನು ಅಧ್ಯಯನ ಮಾಡಿದ 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅವರು ದೇಶದ ಉದ್ದಗಲಕ್ಕೂ ಸೌರ ವಿಕಿರಣ ಅಳೆಯುವ ಕೇಂದ್ರಗಳನ್ನು ಕಟ್ಟಿದರು. ಗಾಜಿನ ಗುಮ್ಮಟದೊಳಗಿನ ಕಪ್ಪು ತಟ್ಟೆ ಬಿಸಿಲಿಗೆ ಕಾಯುತ್ತದೆ, ಆ ಕಾವು ಸಣ್ಣ ವಿದ್ಯುತ್ತಾಗುತ್ತದೆ, ಅದನ್ನು ಓದಬೇಕು. 1960ರಿಂದ ಮೇಲಿನ ಗಾಳಿಯಲ್ಲಿರುವ ಓಝೋನ್ ಅನಿಲದ ಅಳತೆಯನ್ನು ಕೈಗೆತ್ತಿಕೊಂಡರು. ನೆಲದಲ್ಲಿ ನಿಂತು ಓಝೋನ್ ಅಳೆಯುವುದು ಹೇಗೆ ಗೊತ್ತೇ? ಅದು ಚೆನ್ನಾಗಿ ನುಂಗುವ ಅತಿನೇರಳೆ ಕಿರಣ ಒಂದು, ಅಷ್ಟಾಗಿ ನುಂಗದ್ದು ಇನ್ನೊಂದು, ಎರಡನ್ನೂ ಹೋಲಿಸಿ. ವಜ್ರದ ಬೆಳಕನ್ನು ಒಡೆದು ನೋಡಿದ ವಿದ್ಯೆಯೇ ಇದು. ಅಲ್ಲಿ ವಜ್ರ ಇತ್ತು, ಇಲ್ಲಿ ಆಕಾಶ. ಬಲೂನಿನಲ್ಲಿ ಮೇಲೆ ಕಳಿಸುವ ಓಝೋನ್ ಉಪಕರಣವನ್ನೂ ದೇಶದಲ್ಲೇ ಮಾಡಿಸಿದರು. ವಿಕ್ರಮ್ ಸಾರಾಭಾಯಿ ಕೇಳಿಕೊಂಡಾಗ ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನ ರಾಕೆಟ್ ನೆಲೆಯಲ್ಲಿ ಹವಾಮಾನ ವೀಕ್ಷಣಾಲಯ ಸ್ಥಾಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾಗಿ ಮತ್ತೆ ರಾಮನ್ ಸಂಸ್ಥೆಗೇ ಹೋದರು. 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣದ ಮೇಲೆ ಅವರ ಎರಡು ಗ್ರಂಥ ಬಂದವು. ಕಾಞಂಗಾಡಿನ ಕಡೆ ಅಂಬಲತ್ತರದಲ್ಲಿ ಸೋಲಾರ್ ಪಾರ್ಕ್ ನೋಡಿದ್ದೀಯಲ್ಲ, ಅಂಥದನ್ನು ಯೋಜಿಸುವವರಿಗೆ ಮೊದಲು ಬೇಕಾಗುವುದು ಇಂಥ ಲೆಕ್ಕವೇ. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಮಳೆಮಾಪಕವನ್ನು ಸಣ್ಣ ಕೆಲಸವೆಂದುಕೊಳ್ಳಬೇಡ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂದು ಅವರು ನಂಬಿದ್ದರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಒಂದೆಕ್ರೆ ಅಡಕೆ ತೋಟಕ್ಕೆ ಸುಮಾರು 4,047 ಲೀಟರ್. ದೊಡ್ಡಪ್ಪನ ಮಾಪಕ ಐದು ಮಿಲಿಮೀಟರ್ ತಪ್ಪಿದರೆ ಇಪ್ಪತ್ತು ಸಾವಿರ ಲೀಟರ್ ಎತ್ತಲೋ ಹೋಯಿತು.

ಲ್ಯಾಬಿನ ಕೆಲಸ ಹುಡುಗಿಯರಿಗೆ ಆಗುವಂಥದ್ದಲ್ಲ ಎಂಬ ಮಾತು ನನಗೂ ಹಳೆಯದು. ನಾನು ಓದಿದ ಕಾಲೇಜಿನಲ್ಲಿ ಹುಡುಗರು ಉಪಕರಣ ಹಿಡಿಯುತ್ತಿದ್ದರು, ನಾವು ಹುಡುಗಿಯರು ರೀಡಿಂಗ್ ಬರೆದುಕೊಳ್ಳಬೇಕಿತ್ತು. ‘ಮುಟ್ಟಬೇಡ, ಒಡೆದೀತು’ ಎಂದು ಎಷ್ಟು ಸಲ ಕೇಳಿದೆನೋ. ಮೇಷ್ಟ್ರಾದ ಮೇಲೆ ನನ್ನ ಲ್ಯಾಬಿನಲ್ಲಿ ಮೊದಲು ಬದಲಾಯಿಸಿದ್ದು ಅದನ್ನೇ. ಕೆಲವು ಒಡೆದವು. ಹುಡುಗರ ಕೈಯಲ್ಲೂ ಒಡೆಯುತ್ತಿದ್ದವು.

ಆದ್ದರಿಂದ ನಿನಗೊಂದು ಕೆಲಸ. ದೊಡ್ಡಪ್ಪನ ಮಾಪಕ ಎಲ್ಲಿದೆ ನೋಡು. ಅಡಕೆ ಮರದ ಬುಡದಲ್ಲಿದ್ದರೆ ಸೋಗೆ ಮಳೆಯನ್ನು ತಡೆಯುತ್ತದೆ, ಕೆಲವು ಸಲ ಸುರಿಯುತ್ತದೆ ಕೂಡ. ಅಷ್ಟೇ ಬಾಯಗಲದ ಇನ್ನೊಂದನ್ನು ಅಂಗಳದ ನಡುವೆ, ನೆಲದಿಂದ ಬಾಯಿ 30 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಇಡು. ಸುತ್ತಲಿನ ಮರ, ಮನೆ ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಲಿ. ದಿನಾ ಬೆಳಗ್ಗೆ ಎಂಟೂವರೆಗೆ ಎರಡನ್ನೂ ನೀನೇ ಅಳೆದು ಬರೆ. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿದ ಮೇಲೆ ಎರಡೂ ಸಾಲು ಅಂಕಿ ನನಗೆ ಕಳುಹಿಸು. ವ್ಯತ್ಯಾಸ ಎಷ್ಟು, ಗಾಳಿ ಜೋರಿದ್ದ ದಿನ ಅದು ಹೆಚ್ಚಿತೇ ಎಂದು ಕೂತು ನೋಡೋಣ.