ರೋಮ್‌ನ ಪ್ಯಾಂಥಿಯನ್ ಎಂಬ ಪುರಾತನ ದೇವಾಲಯದ ಗುಮ್ಮಟ ಕಬ್ಬಿಣದ ಸರಳಿಲ್ಲದೆ ಹೇಗೆ ನಿಂತಿದೆ?

ಮೇಲೆ ಹೋದಷ್ಟೂ ಹಗುರ ಮಾಡುತ್ತಾ ಕಟ್ಟಿದ್ದಾರೆ, ಅದಕ್ಕೇ ನಿಂತಿದೆ.

ಗುಮ್ಮಟದ ಭಾರ ಸುಮ್ನೆ ಕೆಳಗೆ ಇಳಿಯುವುದಿಲ್ಲ, ಬುಡವನ್ನು ಹೊರಕ್ಕೂ ತಳ್ಳುತ್ತದೆ, ಆಗ ಬುಡದ ಸುತ್ತ ಎಳೆತ ಬೀಳುತ್ತದೆ. ಕಾಂಕ್ರೀಟ್ ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ನಾವೀಗ ಸರಳು ಹಾಕುವುದು ಆ ಎಳೆತ ತಡೆಯಲು. ರೋಮನ್ನರು ಭಾರವನ್ನೇ ಇಳಿಸಿದರು.

ಅವರ ಕಾಂಕ್ರೀಟ್ ಅಂದರೆ ಸುಣ್ಣ, ಜ್ವಾಲಾಮುಖಿಯ ಬೂದಿ, ಜೊತೆಗೆ ಕಲ್ಲಿನ ಚೂರು. ಜಾಣತನ ಇರುವುದು ಈ ಚೂರುಗಳಲ್ಲೇ. ಬುಡದ ಕಡೆ ಭಾರದ ಕಲ್ಲು, ಇಟ್ಟಿಗೆ ಚೂರು. ತುದಿಯಲ್ಲಿ ಪ್ಯೂಮಿಸ್, ಅಂದರೆ ನೀರಲ್ಲಿ ತೇಲುವಷ್ಟು ಹಗುರವಾದ ಜ್ವಾಲಾಮುಖಿ ಕಲ್ಲು. ದಪ್ಪವೂ ಬುಡದಲ್ಲಿ ಸುಮಾರು 6 ಮೀಟರ್ ಇದ್ದದ್ದು ತುದಿಗೆ ಬರುವಾಗ ಒಂದೂಕಾಲು ಮೀಟರ್‌ಗೆ ಇಳಿಯುತ್ತದೆ. ನೆತ್ತಿಯಲ್ಲಂತೂ ಕಾಂಕ್ರೀಟೇ ಇಲ್ಲ, ದೊಡ್ಡ ದುಂಡು ಕಿಂಡಿ! ಬೆಳಕು ಬರುವುದೂ ಅಲ್ಲಿಂದಲೇ, ಮಳೆ ಸುರಿಯುವುದೂ ಅಲ್ಲಿಂದಲೇ.

ಹಾಗಂತ ಬಿರುಕೇ ಬಿಟ್ಟಿಲ್ಲ ಅಂತಲ್ಲ. ಬುಡದಿಂದ ಮೇಲಕ್ಕೆ ಹಲವು ಬಿರುಕುಗಳಿವೆ. ಆದರೆ ಕೆಳಗಿನ ದಪ್ಪ ಗೋಡೆ ಹೊರಕ್ಕೆ ಜಾರಲು ಬಿಡುವುದಿಲ್ಲ.

ಸುಮಾರು 43 ಮೀಟರ್ ಅಗಲದ ಈ ಗುಮ್ಮಟ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಅಂದರೆ 2ನೇ ಶತಮಾನದ್ದು. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿನಲ್ಲೇ ಇದೇ ದೊಡ್ಡದು.